ಕೋಳಿಗೆ ಔಷಧ, ಕುರಿಗೆ ವಿಷ: ಫೀಡ್ ಚೀಲದ ಮೇಲೆ ಇಲ್ಲದ ಹೆಸರು

ಹೋದ ವರ್ಷ ಮಳೆಗಾಲದ ಒಂದು ರಾತ್ರಿ, ಗುರುಮಠಕಲ್ ತಾಲ್ಲೂಕಿನ ನಮ್ಮೂರಲ್ಲಿ, ನಮ್ಮ ಮಾಮನ ಐದು ಕುರಿ ಹಟ್ಟಿಯ ತಡಿಕೆ ತಳ್ಳಿಕೊಂಡು ಪಕ್ಕದ ಹೊಲದ ಕೋಳಿ ಶೆಡ್ಡಿಗೆ ನುಗ್ಗಿದವು. ಅಲ್ಲಿ ಪೇರಿಸಿಟ್ಟಿದ್ದ ಫೀಡ್ ಚೀಲ ಹರಿದು ಹೊಟ್ಟೆ ತುಂಬ ತಿಂದವು. ಬೆಳಿಗ್ಗೆ ನೋಡಿದಾಗ ಯಾರಿಗೂ ಗಾಬರಿಯಾಗಲಿಲ್ಲ. ಶೆಡ್ಡಿನ ಅಣ್ಣಾರ ಕಡೆ ಒಂದಿಷ್ಟು ಬೈಸಿಕೊಂಡು ಮಾಮ ಕುರಿ ಹೊಡ್ಕೊಂಡು ಬಂದರು. ಮರುದಿನ ಅವು ಮೇವು ಮುಟ್ಟಲಿಲ್ಲ. ಮೂರನೇ ದಿನ ಹಿಂಗಾಲು ಎಳೆಯತೊಡಗಿದವು. ಒಂದರ ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ವಾರದೊಳಗೆ ಮೂರು ಸತ್ತವು.

ದನದ ದವಾಖಾನಿಯಿಂದ ಬಂದವರು ನೋಡಿ, "ಕಾಳು ಜಾಸ್ತಿ ತಿಂದಾವ, ಅಜೀರ್ಣ ಆಗ್ಯಾದ" ಅಂದರು. ಮಾಮ ಒಪ್ಪಲಿಲ್ಲ. "ಜ್ವಾಳದ ರಾಶಿಗೆ ಬಾಯಿ ಹಾಕಿ ಸತ್ತ ಕುರಿ ನಾ ಮೊದ್ಲೂ ನೋಡೀನಿ. ಅವು ಹೊಟ್ಟಿ ಉಬ್ಬಿ ಒಂದೆರಡು ದಿನದಾಗ ಹೋಗ್ತಾವ. ಇವು ಕಾಲು ಬಿದ್ದು ಸತ್ತಾವ. ಆ ಚೀಲದಾಗ ಏನೋ ಅದ" ಅಂದರು.

ನಾನು ಆ ಚೀಲ ತರಿಸಿ ನೋಡಿದೆ. ಕಂಪನಿಯ ಹೆಸರು, ತೂಕ, ಪ್ರೋಟೀನ್ ಶೇಕಡಾ ಎಷ್ಟು ಅನ್ನೋದು ಇಂಗ್ಲಿಷಲ್ಲಿತ್ತು. ಒಂದು ಕೋಳಿಯ ಚಿತ್ರವೂ ಇತ್ತು. ಒಳಗೆ ಯಾವ ಔಷಧ ಬೆರೆತಿದೆ ಅಂತ ಒಂದಕ್ಷರ ಇರಲಿಲ್ಲ, ಬೇರೆ ಪ್ರಾಣಿಗೆ ತಿನ್ನಿಸಬೇಡಿ ಅನ್ನೋ ಎಚ್ಚರಿಕೆಯೂ ಇರಲಿಲ್ಲ.

ಮಾಮನ ಕುರಿ ಯಾವುದರಿಂದ ಸತ್ತವು ಅಂತ ನಾನು ಪ್ರಮಾಣ ಮಾಡಿ ಹೇಳಲಾರೆ. ಫೀಡ್ ಪರೀಕ್ಷೆ ಆಗಲಿಲ್ಲ, ಕುರಿಯ ಹೃದಯದ ಒಂದು ತುಂಡೂ ಲ್ಯಾಬಿಗೆ ಹೋಗಲಿಲ್ಲ. ಆದರೆ ಅವರು ಹೇಳಿದ ಲಕ್ಷಣಗಳನ್ನು ಇಟ್ಟುಕೊಂಡು ಹುಡುಕುತ್ತಾ ಹೋದಾಗ, ಪಶುವೈದ್ಯಕೀಯ ಪಠ್ಯಗಳಲ್ಲಿ ಅರ್ಧ ಶತಮಾನದಿಂದ ಬರೆದಿಟ್ಟಿರುವ ಒಂದು ವಿಷಬಾಧೆ ಸಿಕ್ಕಿತು. ಅದನ್ನು ತರುವ ಔಷಧಗಳ ಗುಂಪಿಗೆ ಅಯಾನೋಫೋರ್ ಅಂತ ಹೆಸರು. ಕುರಿ ಕಾಯೋರಿಗೂ ಕೋಳಿ ಸಾಕೋರಿಗೂ ಆ ಹೆಸರನ್ನು ಯಾರೂ ಹೇಳಿಲ್ಲ. ಇದು ನಮ್ಮೂರಿಗೆ ಮಾತ್ರ ಸೇರಿದ ಮಾತಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿಗಳಿವೆ, ದೇಶದಲ್ಲಿ ಮೂರನೇ ಸ್ಥಾನ. ಮೊದಲನೇ ಸ್ಥಾನ ನಮ್ಮ ಗಡಿಯಾಚೆಯ ತೆಲಂಗಾಣದ್ದು. ಕುರಿಹಟ್ಟಿಯೂ ಬ್ರಾಯ್ಲರ್ ಶೆಡ್ಡೂ ಒಂದರ ಪಕ್ಕ ಒಂದು ಇರುವ ನಾಡು ಇದು.

ಏನಿದು ಅಯಾನೋಫೋರ್?

ಬ್ರಾಯ್ಲರ್ ಕೋಳಿಗಳನ್ನು ಸಾವಿರಗಟ್ಟಲೆ ಒಂದೇ ಶೆಡ್ಡಿನಲ್ಲಿ, ಭತ್ತದ ಹೊಟ್ಟಿನ ಹಾಸಿನ ಮೇಲೆ ಸಾಕುತ್ತಾರೆ. ಹಾಸು ಒದ್ದೆಯಾದರೆ ಕಾಕ್ಸಿಡಿಯಾ ಅನ್ನೋ ಪರಾವಲಂಬಿ ಜೀವಿ ಕೋಳಿಯ ಕರುಳಿಗೆ ಬೀಳುತ್ತದೆ, ರಕ್ತಭೇದಿ ಶುರುವಾಗುತ್ತದೆ. ಇದನ್ನು ತಡೆಯಲು ಫೀಡಿನಲ್ಲೇ ಔಷಧ ಬೆರೆಸಿ ದಿನಾ ತಿನ್ನಿಸುವುದು ಜಗತ್ತಿನಾದ್ಯಂತ ನಡೆದುಬಂದ ಪದ್ಧತಿ. ಆ ಔಷಧಗಳಲ್ಲಿ ಮುಖ್ಯವಾದವು ಮೊನೆನ್ಸಿನ್, ಸಾಲಿನೋಮೈಸಿನ್, ಮಡುರಾಮೈಸಿನ್, ನರಾಸಿನ್, ಲ್ಯಾಸಲೋಸಿಡ್. ಮಣ್ಣಿನ ಸೂಕ್ಷ್ಮಜೀವಿಗಳಿಂದ ಬಂದ ಇವೆಲ್ಲ ಆಂಟಿಬಯಾಟಿಕ್‌ಗಳೇ. ಕಾಕ್ಸಿಡಿಯಾದ ಜೊತೆಗೆ ಕೆಲವು ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತವೆ. ಮೊನೆನ್ಸಿನ್ ಬಗ್ಗೆ ಜಗತ್ತಿಗೆ ಗೊತ್ತಾದದ್ದು 1967ರಲ್ಲಿ. ಅಮೆರಿಕದಲ್ಲಿ 1971ರಲ್ಲಿ ಕೋಳಿಗೆ, 1975ರಲ್ಲಿ ದನಕ್ಕೆ ಅನುಮತಿ ಸಿಕ್ಕಿತು.

ಇದು ಕೆಲಸ ಮಾಡುವ ಬಗೆ ಅರ್ಥವಾದರೆ ಕುರಿಯ ಕಾಲು ಯಾಕೆ ಬಿತ್ತು ಅನ್ನೋದೂ ಅರ್ಥವಾಗುತ್ತದೆ. ನಮ್ಮ ದೇಹದ ಪ್ರತಿ ಜೀವಕೋಶಕ್ಕೂ ಒಂದು ಪೊರೆ ಇದೆ. ಸೋಡಿಯಂ ಹೆಚ್ಚಾಗಿ ಹೊರಗಿರಬೇಕು, ಪೊಟ್ಯಾಶಿಯಂ ಹೆಚ್ಚಾಗಿ ಒಳಗಿರಬೇಕು. ಈ ವ್ಯತ್ಯಾಸ ಕಾಯಲು ಜೀವಕೋಶ ಹಗಲೂ ರಾತ್ರಿ ಪಂಪ್ ಹೊಡೆಯುತ್ತಿರುತ್ತದೆ. ಮೊನೆನ್ಸಿನ್ ಆ ಪೊರೆಯೊಳಗೆ ಸೇರಿಕೊಂಡು ಸೋಡಿಯಂ ಅನ್ನು ಹೊತ್ತು ಒಳಗೆ ತಂದು ಬಿಡುತ್ತದೆ. ಕಾವಲುಗಾರನ ಕಣ್ತಪ್ಪಿಸಿ ಹಿಂಬಾಗಿಲಿಂದ ಜನ ಬಿಟ್ಟ ಹಾಗೆ.

ಒಳಗೆ ಸೋಡಿಯಂ ತುಂಬಿದಾಗ ಅದನ್ನು ಹೊರಹಾಕುವ ಭರದಲ್ಲಿ ಜೀವಕೋಶ ಅದರ ಬದಲಿಗೆ ಕ್ಯಾಲ್ಸಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಸ್ನಾಯುವಿಗೆ ಪೆಟ್ಟು ಬೀಳುವುದು ಇಲ್ಲೇ. ಸ್ನಾಯುಕೋಶಕ್ಕೆ ಕ್ಯಾಲ್ಸಿಯಂ ಅಂದರೆ 'ಬಿಗಿದುಕೋ' ಅನ್ನುವ ಅಪ್ಪಣೆ. ಅದು ಲೆಕ್ಕ ಮೀರಿ ಬಂದಾಗ ಸ್ನಾಯು ಬಿಗಿದೇ ಇರುತ್ತದೆ. ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ಊದಿಕೊಂಡು ಕೆಲಸ ನಿಲ್ಲಿಸುತ್ತವೆ. ಕೊನೆಗೆ ಪೊರೆ ಒಡೆದು ಒಳಗಿದ್ದದ್ದೆಲ್ಲ ರಕ್ತಕ್ಕೆ ಸೋರುತ್ತದೆ. ಹಾಗೆ ಸೋರಿದ ಮಯೋಗ್ಲೋಬಿನ್ ಮೂತ್ರವನ್ನು ಕಂದುಬಣ್ಣಕ್ಕೆ ತಿರುಗಿಸುತ್ತದೆ, ಮೂತ್ರಪಿಂಡವನ್ನೂ ಕೆಡಿಸುತ್ತದೆ. ಎಡೆಬಿಡದೆ ದುಡಿಯುವ ಹೃದಯ ಮತ್ತು ಮೈಭಾರ ಹೊರುವ ಕಾಲಿನ ಸ್ನಾಯುಗಳಿಗೆ ಪೆಟ್ಟು ಹೆಚ್ಚು. ಸತ್ತ ಪ್ರಾಣಿಯ ಹೃದಯ ಕೊಯ್ದು ನೋಡಿದರೆ ಎಷ್ಟೋ ಸಲ ಬಿಳಿಚಿದ ಪಟ್ಟೆಗಳು ಕಾಣುತ್ತವೆ.

ಇದಕ್ಕೆ ಪ್ರತಿವಿಷ ಇಲ್ಲ. ಬದುಕುಳಿದ ಪ್ರಾಣಿ ಚೇತರಿಸಿಕೊಂಡಂತೆ ಕಂಡರೂ ಹೃದಯದ ಮೇಲೆ ಗಾಯದ ಕಲೆ ಉಳಿದಿರುತ್ತದೆ. ವಾರಗಳು, ತಿಂಗಳುಗಳು ಕಳೆದ ಮೇಲೆ ಓಡಿದಾಗಲೋ ಭಾರ ಹೊತ್ತಾಗಲೋ ದಿಢೀರ್ ಕುಸಿದು ಸಾಯಬಹುದು. ಆಗ ಅದನ್ನು ಹಳೇ ಫೀಡ್ ಚೀಲಕ್ಕೆ ಜೋಡಿಸಿ ನೋಡುವವರು ಯಾರೂ ಇರುವುದಿಲ್ಲ.

ಒಂದೇ ಅಂಗಳ, ಬೇರೆ ಬೇರೆ ಲೆಕ್ಕ

ಹಾಗಾದರೆ ಕೋಳಿ ಯಾಕೆ ಸಾಯುವುದಿಲ್ಲ? ಕೋಳಿಯ ಪಿತ್ತಜನಕಾಂಗ ಈ ಔಷಧವನ್ನು ಬೇಗ ಒಡೆದು ಹೊರಹಾಕುತ್ತದೆ. ಕುದುರೆಯ ಪಿತ್ತಜನಕಾಂಗಕ್ಕೆ ಆ ವೇಗ ಇಲ್ಲ. ಅರ್ಧದಷ್ಟು ಪ್ರಾಣಿಗಳನ್ನು ಕೊಲ್ಲುವ ಮೊನೆನ್ಸಿನ್ ಪ್ರಮಾಣವನ್ನು ಪಠ್ಯಗಳು ಹೀಗೆ ಕೊಡುತ್ತವೆ: ಕೋಳಿಗೆ ದೇಹತೂಕದ ಪ್ರತಿ ಕೆಜಿಗೆ ಸುಮಾರು 200 ಮಿಲಿಗ್ರಾಂ, ಮೇಕೆಗೆ 26ರ ಆಸುಪಾಸು, ಕುರಿಗೆ 12ರ ಆಸುಪಾಸು, ಕುದುರೆಗೆ ಬರೀ 2ರಿಂದ 3. ಸಾಲಿನೋಮೈಸಿನ್ ಆದರೆ ಕುದುರೆಗೆ 0.6 ಮಿಲಿಗ್ರಾಂ ಸಾಕು.

ಇದನ್ನು ನಮ್ಮ ಅಂಗಳಕ್ಕೆ ತಂದು ಲೆಕ್ಕ ಹಾಕೋಣ. ಕೋಳಿ ಫೀಡಿನಲ್ಲಿ ಸಾಲಿನೋಮೈಸಿನ್ ಇರುವುದು ಸಾಮಾನ್ಯವಾಗಿ ಕೆಜಿಗೆ 60 ಮಿಲಿಗ್ರಾಂ. ಕುರಿಗಾರರು ವಲಸೆ ಹೋಗುವಾಗ ಗಂಟುಮೂಟೆ ಹೇರುವ ಸಣ್ಣ ಕುದುರೆ 200 ಕೆಜಿ ತೂಗುತ್ತದೆ ಅಂದುಕೊಳ್ಳಿ. ಅದಕ್ಕೆ 120 ಮಿಲಿಗ್ರಾಂ ಅಪಾಯ. ಅಂದರೆ ಎರಡು ಕೆಜಿ ಕೋಳಿ ಫೀಡ್. ಒಂದು ಹೊತ್ತಿನ ಮೇವು.

ಕುರಿಯ ಲೆಕ್ಕ ಇಷ್ಟು ಸರಳ ಅಲ್ಲ. 25 ಕೆಜಿಯ ಕುರಿಗೆ ಮೊನೆನ್ಸಿನ್ 300 ಮಿಲಿಗ್ರಾಂ ಆಗಬೇಕು. ಕೆಜಿಗೆ 110 ಮಿಲಿಗ್ರಾಂ ಇರುವ ಫೀಡ್ ಆದರೆ ಎರಡೂವರೆ ಕೆಜಿಗಿಂತ ಹೆಚ್ಚು ತಿನ್ನಬೇಕು. ಆದರೆ ಇದು ಅರ್ಧದಷ್ಟು ಕುರಿ ಸಾಯುವ ಲೆಕ್ಕ. ಸ್ನಾಯುವಿಗೆ ಪೆಟ್ಟು ಅದಕ್ಕಿಂತ ಕಡಿಮೆಯಲ್ಲೇ ಶುರುವಾಗುತ್ತದೆ. ಫೀಡ್ ಸರಿಯಾಗಿ ಮಿಕ್ಸ್ ಆಗದೆ ಒಂದು ಚೀಲದಲ್ಲಿ ಔಷಧ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಬಿದ್ದರಂತೂ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಜಗತ್ತಿನಲ್ಲಿ ದಾಖಲಾದ ಇಂಥ ಸಾವುಗಳ ಹಿಂದೆ ಇರುವ ಕಾರಣಗಳು ಹೆಚ್ಚಾಗಿ ಇವೇ: ಮಿಕ್ಸಿಂಗ್ ತಪ್ಪು, ಒಂದು ಪ್ರಾಣಿಯ ಫೀಡ್ ಇನ್ನೊಂದಕ್ಕೆ ಹೋಗಿದ್ದು, ಕೋಳಿ ಶೆಡ್ಡಿನ ಹಾಸನ್ನು ದನಕ್ಕೆ ತಿನ್ನಿಸಿದ್ದು.

ಕೋಳಿಯೂ ಪೂರ್ತಿ ಸುರಕ್ಷಿತ ಅಲ್ಲ. ಉಸಿರಾಟದ ಕಾಯಿಲೆಗೆ ಕೊಡುವ ಟಿಯಾಮುಲಿನ್ ಅನ್ನೋ ಇನ್ನೊಂದು ಆಂಟಿಬಯಾಟಿಕ್, ಈ ಔಷಧಗಳನ್ನು ಒಡೆಯುವ ಪಿತ್ತಜನಕಾಂಗದ ಕೆಲಸವನ್ನೇ ತಡೆಯುತ್ತದೆ. ಮೊನೆನ್ಸಿನ್ ಅಥವಾ ಸಾಲಿನೋಮೈಸಿನ್ ಇರುವ ಫೀಡ್ ತಿನ್ನುತ್ತಿರುವ ಕೋಳಿಗೆ ನೀರಲ್ಲಿ ಟಿಯಾಮುಲಿನ್ ಕೊಟ್ಟರೆ ಕೋಳಿಯ ಸ್ಥಿತಿ ಕುದುರೆಯಂತಾಗುತ್ತದೆ. ಕಾಲು ಹಿಂದಕ್ಕೆ ಚಾಚಿ ಎದೆಯ ಮೇಲೆ ಬೀಳುತ್ತವೆ, ಎದ್ದು ನೀರಿನ ತನಕ ಹೋಗಲಾಗದೆ ಸಾಯುತ್ತವೆ. ಫೀಡಿನಲ್ಲಿ ಏನಿದೆ ಅಂತ ಗೊತ್ತಿಲ್ಲದ ರೈತ ಯಾವ ಔಷಧ ಜೊತೆಗೆ ಕೊಡಬಾರದು ಅಂತ ಹೇಗೆ ತಿಳಿಯಬೇಕು?

ಬೆಕ್ಕು, ಮನುಷ್ಯ ಮತ್ತು ರಣಹದ್ದು

ಇವೆಲ್ಲ ಬರೀ ಕಾಗದದ ಮೇಲಿನ ಭಯ ಅನ್ನಿಸಬಹುದು. 1996ರಲ್ಲಿ ನೆದರ್ಲ್ಯಾಂಡ್ಸ್‌ನಲ್ಲಿ ನೂರಾರು ಸಾಕುಬೆಕ್ಕುಗಳ ಕಾಲು ಒಮ್ಮೆಲೇ ಬಿದ್ದುಹೋದವು. ಹುಡುಕಿದಾಗ ಬೆಕ್ಕಿನ ಆಹಾರದಲ್ಲಿ ಸಾಲಿನೋಮೈಸಿನ್ ಬೆರೆತದ್ದು ಗೊತ್ತಾಯಿತು. 2001ರಲ್ಲಿ ಬ್ರೆಜಿಲ್‌ನ ವೈದ್ಯರು ಒಂದು ಪ್ರಕರಣ ಪ್ರಕಟಿಸಿದರು: ಹದಿನೇಳರ ಹುಡುಗನೊಬ್ಬ ದನಕ್ಕೆ ಬೆರೆಸುವ ಮೊನೆನ್ಸಿನ್ ನುಂಗಿದ್ದ. ಸ್ನಾಯುಗಳು ಕರಗಿ, ಮೂತ್ರಪಿಂಡ ಸೋತು, ಆತ ಸತ್ತ. ಫೀಡ್ ಮಿಕ್ಸ್ ಮಾಡುವ ಕೆಲಸದವರು ಶುದ್ಧ ಪುಡಿಯನ್ನು ಮುಟ್ಟುವಾಗ ಮಾಸ್ಕ್, ಕೈಗವಸು ಯಾಕೆ ಬೇಕು ಅನ್ನೋದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ನೆದರ್ಲ್ಯಾಂಡ್ಸ್‌ನಲ್ಲಿ ಸಮಸ್ಯೆ ಪತ್ತೆಯಾದದ್ದು ಯಾಕೆ? ಬೆಕ್ಕನ್ನು ವೈದ್ಯರಿಗೆ ತೋರಿಸುವವರಿದ್ದರು, ಆಹಾರವನ್ನು ಲ್ಯಾಬಿಗೆ ಕಳಿಸುವ ದಾರಿ ಇತ್ತು. ಗುರುಮಠಕಲ್‌ನ ಕುರಿಗೆ ಎರಡೂ ಇಲ್ಲ.

ಒಂದು ಪ್ರಾಣಿಯ ಔಷಧ ಇನ್ನೊಂದಕ್ಕೆ ವಿಷವಾಗುವ ಪಾಠವನ್ನು ಭಾರತ ಆಗಲೇ ಕಲಿತಿದೆ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನ್ಯಾಕ್, ಸತ್ತ ದನವನ್ನು ತಿಂದ ರಣಹದ್ದುಗಳನ್ನು ಕೊಲ್ಲುತ್ತಿದೆ ಅಂತ 2004ರಲ್ಲಿ ಸಾಬೀತಾಯಿತು. 2006ರಲ್ಲಿ ಸರ್ಕಾರ ಅದರ ಪಶುವೈದ್ಯಕೀಯ ಬಳಕೆ ನಿಷೇಧಿಸಿತು. ಅಷ್ಟರಲ್ಲಿ ರಣಹದ್ದುಗಳು ಹೆಚ್ಚುಕಡಿಮೆ ಮುಗಿದಿದ್ದವು. ಆಗಲೂ ಕೇಳಬೇಕಿದ್ದ ಪ್ರಶ್ನೆ ಇದೇ: ಔಷಧ ಕೊಟ್ಟ ಪ್ರಾಣಿಗೆ ಏನಾಗುತ್ತದೆ ಅನ್ನೋದಷ್ಟೇ ಸಾಕಾ, ಅದರ ಸುತ್ತ ಬದುಕುವ ಪ್ರಾಣಿಗಳಿಗೆ ಏನಾಗುತ್ತದೆ ಅಂತ ಯಾರು ನೋಡಬೇಕು?

ಚರ್ಚೆಯ ಜಾಲರಿಯಲ್ಲಿ ನುಸುಳಿಹೋದ ಔಷಧ

'ಕೋಳಿ ಮತ್ತು ಆಂಟಿಬಯಾಟಿಕ್' ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ಸಮಸ್ಯೆ. ಅದು ಗಂಭೀರ ಸಮಸ್ಯೆಯೇ. 2015ರಲ್ಲಿ ಪ್ರಕಟವಾದ ಜಾಗತಿಕ ಅಂದಾಜೊಂದು, 2010ರಲ್ಲಿ ಸಾಕುಪ್ರಾಣಿಗಳಿಗೆ ಅತಿ ಹೆಚ್ಚು ಆಂಟಿಬಯಾಟಿಕ್ ಬಳಸಿದ ಮೊದಲ ಐದು ದೇಶಗಳಲ್ಲಿ ಭಾರತವನ್ನೂ ಸೇರಿಸಿತು. 2014ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ (ಸಿಎಸ್‌ಇ) 70 ಕೋಳಿಮಾಂಸದ ಸ್ಯಾಂಪಲ್ ಪರೀಕ್ಷಿಸಿ, ಶೇ. 40ರಲ್ಲಿ ಆಂಟಿಬಯಾಟಿಕ್ ಉಳಿಕೆ ಇದೆ ಅಂದಾಗ ದೇಶ ಬೆಚ್ಚಿತು. 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ಮನುಷ್ಯರ ಚಿಕಿತ್ಸೆಯಲ್ಲಿ ಕೊನೆಯ ಅಸ್ತ್ರವಾಗಿ ಉಳಿದಿರುವ ಔಷಧ ಅದು. ಒಳ್ಳೆಯ ನಿರ್ಧಾರ.

ಆದರೆ ಸಿಎಸ್‌ಇ ಹುಡುಕಿದ ಆರು ಔಷಧಗಳ ಪಟ್ಟಿಯಲ್ಲಿ ಒಂದೂ ಅಯಾನೋಫೋರ್ ಇರಲಿಲ್ಲ. ಅದು ಅವರ ತಪ್ಪಲ್ಲ, ಅವರ ಪ್ರಶ್ನೆ ಬೇರೆ ಇತ್ತು. ಅಯಾನೋಫೋರ್‌ಗಳನ್ನು ಮನುಷ್ಯರ ಚಿಕಿತ್ಸೆಗೆ ಬಳಸುವುದಿಲ್ಲ, ಬಳಸಲಾಗದಷ್ಟು ವಿಷ. ಹಾಗಾಗಿ 'ಮನುಷ್ಯರಿಗೆ ಮುಖ್ಯವಾದ ಔಷಧವಾ?' ಅನ್ನುವ ಜಾಲರಿ ಹಿಡಿದು ಸೋಸಿದರೆ ಇವು ಕೆಳಗೆ ನುಸುಳಿಹೋಗುತ್ತವೆ. ಅಮೆರಿಕ 2017ರ ಜನವರಿಯಲ್ಲಿ ಫೀಡಿನ ಆಂಟಿಬಯಾಟಿಕ್‌ಗಳಿಗೆ ಪಶುವೈದ್ಯರ ಆದೇಶ ಕಡ್ಡಾಯ ಮಾಡಿದಾಗಲೂ ಅಯಾನೋಫೋರ್‌ಗಳು ಹೊರಗೇ ಉಳಿದವು. ಯುರೋಪ್ 2006ರ ಜನವರಿ 1ರಿಂದ ಬೆಳವಣಿಗೆ ಹೆಚ್ಚಿಸಲು ಆಂಟಿಬಯಾಟಿಕ್ ಕೊಡುವುದನ್ನು ನಿಲ್ಲಿಸಿತು. ಮೊನೆನ್ಸಿನ್, ಸಾಲಿನೋಮೈಸಿನ್ ಕೂಡ ಆ ಪಟ್ಟಿಯಲ್ಲಿದ್ದವು. ಆದರೆ ಕೋಳಿಯ ಕಾಕ್ಸಿಡಿಯಾಕ್ಕೆ ಅವೇ ಔಷಧಗಳು ಅಲ್ಲಿ ಮುಂದುವರಿದವು. ನಾರ್ವೆಯ ಬ್ರಾಯ್ಲರ್ ಉದ್ಯಮ ಮಾತ್ರ 2016ರ ಹೊತ್ತಿಗೆ ನರಾಸಿನ್ ಬಳಕೆ ಬಿಟ್ಟಿತು.

ಅಂದರೆ ಮುಂದುವರಿದ ದೇಶಗಳೂ ಇವನ್ನು ಪೂರ್ತಿ ಕೈಬಿಟ್ಟಿಲ್ಲ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಅಮೆರಿಕದಲ್ಲಿ ಮೊನೆನ್ಸಿನ್ ಬೆರೆಸಿದ ಫೀಡ್ ಚೀಲದ ಮೇಲೆ, ಕುದುರೆ ಜಾತಿಯ ಪ್ರಾಣಿಗಳು ಇದನ್ನು ತಿನ್ನದಂತೆ ನೋಡಿಕೊಳ್ಳಿ, ತಿಂದರೆ ಸಾಯಬಹುದು ಅಂತ ಬರೆದಿರಬೇಕು. ಅಲ್ಲಿನ ರೈತನಿಗೆ ಸಿಗುವ ಆ ಎರಡು ಸಾಲು ಇಲ್ಲಿನ ಕುರಿಗಾರನಿಗೆ ಯಾಕೆ ಸಿಗಬಾರದು?

ಫೀಡ್ ಯಾರದು, ನಷ್ಟ ಯಾರದು?

ಇಲ್ಲಿ ವಿಜ್ಞಾನ ಮುಗಿದು ರಾಜಕೀಯ ಶುರುವಾಗುತ್ತದೆ. ಶೆಡ್ಡಿನ ಅಣ್ಣಾರನ್ನು ಬೈಯುವುದು ಸುಲಭ. ಆದರೆ ಗುತ್ತಿಗೆ ಕೋಳಿ ಸಾಕಣೆಯಲ್ಲಿ ಮರಿ ಕಂಪನಿಯದು, ಫೀಡ್ ಕಂಪನಿಯದು, ಔಷಧವೂ ಕಂಪನಿಯದು. ಶೆಡ್ ಕಟ್ಟಲು ತೆಗೆದ ಸಾಲ, ಕರೆಂಟ್ ಬಿಲ್, ಮನೆಮಂದಿಯ ದುಡಿಮೆ ಮಾತ್ರ ರೈತನವು. ಆರು ವಾರದ ಆಸುಪಾಸಿನಲ್ಲಿ ಕಂಪನಿಯ ಗಾಡಿ ಬಂದು ಕೋಳಿ ಎತ್ತಿಕೊಂಡು ಹೋದಾಗ ಕೆಜಿ ಲೆಕ್ಕದಲ್ಲಿ ದುಡ್ಡು ಬರುತ್ತದೆ. ಎಷ್ಟು ಫೀಡಿಗೆ ಎಷ್ಟು ತೂಕ ಬಂತು ಅನ್ನೋದರ ಮೇಲೆ ಆ ದರ ಏರಿಳಿಯುತ್ತದೆ.

"ಫೀಡ್‌ನಾಗ ಏನ್ ಹಾಕ್ತಾರ್ರೀ ಅಣ್ಣಾರ?" ಅಂತ ಕೇಳಿದೆ.

"ನಾ ಹ್ಯಾಂಗ ಕೇಳ್ಲಿ ತಮ್ಮಾ? ಸೂಪರ್‌ವೈಸರ್‌ಗೂ ಗೊತ್ತಿಲ್ಲ. ಜಾಸ್ತಿ ಕೇಳಿದ್ರ ಮುಂದಿನ ಬ್ಯಾಚ್ ಮರಿ ಲೇಟ್ ಮಾಡ್ತಾರ" ಅಂದರು.

ಮಾಹಿತಿ ಇರುವವರ ಕೈಯಲ್ಲಿ ನಷ್ಟ ಇಲ್ಲ, ನಷ್ಟ ಹೊರುವವರ ಕೈಯಲ್ಲಿ ಮಾಹಿತಿ ಇಲ್ಲ. ಬ್ಯಾಚ್ ಮುಗಿದ ಮೇಲೆ ಶೆಡ್ಡಿನ ಹಾಸು ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ಅದರಲ್ಲಿ ಚೆಲ್ಲಿದ ಫೀಡ್ ಇರುತ್ತದೆ, ಹಿಕ್ಕೆಯಲ್ಲಿ ಔಷಧದ ಉಳಿಕೆಯೂ ಇರುತ್ತದೆ. ಅದೇ ಹೊಲದಲ್ಲಿ ಕುರಿ ತರುಬುವವರಿಗೆ, ಗೊಬ್ಬರದ ಗುಡ್ಡೆಗೆ ಕುರಿ ಬಾಯಿ ಹಾಕಬಾರದು ಅಂತ ಯಾರು ಹೇಳಬೇಕು?

ಕಾನೂನಿನ ಕಡೆ ನೋಡಿದರೆ ಔಷಧಕ್ಕೆ ಒಂದು ಕಾನೂನಿದೆ, ಮಾಂಸದಲ್ಲಿ ಉಳಿಯುವ ಔಷಧಕ್ಕೆ ಇನ್ನೊಂದಿದೆ. ನಡುವೆ ಇರುವ ಫೀಡ್ ಮಾತ್ರ ಯಾರ ಕೂಸೂ ಅಲ್ಲ. 2019ರ ಡಿಸೆಂಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ, ಆಹಾರಕ್ಕಾಗಿ ಸಾಕುವ ಪ್ರಾಣಿಗಳ ವಾಣಿಜ್ಯ ಫೀಡ್ ಬಿಐಎಸ್ ಮಾನದಂಡ ಪಾಲಿಸಬೇಕು ಅಂತ ನಿರ್ದೇಶನ ಕೊಟ್ಟಿತು. ಆಮೇಲೆ ಅದರ ಜಾರಿಯ ದಿನಾಂಕವೇ ಮುಂದಕ್ಕೆ ಹೋಯಿತು. ಕುರಿಯ ಸಾವು ಮಾತ್ರ ಮುಂದಕ್ಕೆ ಹೋಗುವುದಿಲ್ಲ.

ಸಾವಿನ ದಾಖಲೆಯ ಕಥೆಯೂ ಹೀಗೇ. ರಾಜ್ಯ ಸರ್ಕಾರ 2023ರಲ್ಲಿ 'ಅನುಗ್ರಹ' ಯೋಜನೆಗೆ ಮತ್ತೆ ಜೀವ ಕೊಟ್ಟು, ಆಕಸ್ಮಿಕವಾಗಿ ಸತ್ತ ಕುರಿ-ಮೇಕೆಗೆ 5,000 ರೂಪಾಯಿ ಪರಿಹಾರ ಘೋಷಿಸಿತು. ಬಡ ಕುರಿಗಾರನಿಗೆ ಅದು ಆಸರೆ. ಆದರೆ ಪರಿಹಾರ ಸಾವಿನ ಸಂಖ್ಯೆ ಎಣಿಸುತ್ತದೆ, ಕಾರಣ ಹುಡುಕುವುದಿಲ್ಲ. 'ಅಜೀರ್ಣ' ಅಂತ ಬರೆದು ಮುಗಿಸಿದ ಪ್ರತಿ ಸಾವಿನ ಜೊತೆ ಒಂದು ಸುಳಿವೂ ಮಣ್ಣಾಗುತ್ತದೆ. ಹೀಗೆ ನೂರು ಕಡೆ ಆದರೂ ಸರ್ಕಾರಿ ಲೆಕ್ಕದಲ್ಲಿ ಅಯಾನೋಫೋರ್ ವಿಷಬಾಧೆ ಸೊನ್ನೆಯೇ. ಸೊನ್ನೆ ಇದ್ದಮೇಲೆ ನಿಯಮ ಯಾಕೆ ಬೇಕು ಅಂತ ಕಂಪನಿಗಳು ಕೇಳುತ್ತವೆ.

ಪಶುವೈದ್ಯರನ್ನೂ ನಾನು ದೂರುವುದಿಲ್ಲ. ಕಾಳು ಹೆಚ್ಚು ತಿಂದು ಸಾಯುವುದು ನಿಜಕ್ಕೂ ಸಾಮಾನ್ಯ. ಫೀಡ್ ಪರೀಕ್ಷೆ ಇಲ್ಲದೆ, ಸ್ನಾಯು ಒಡೆದದ್ದನ್ನು ತೋರಿಸುವ ರಕ್ತಪರೀಕ್ಷೆ ಇಲ್ಲದೆ, ಬರಿಗಣ್ಣಲ್ಲಿ ಅವರು ಇನ್ನೇನು ಹೇಳಬೇಕು?

ಮಾಂಸದ ಮೇಲೆ ಗೂಬೆ ಕೂರಿಸಬೇಡಿ

ಇದನ್ನು ಓದಿದ ಕೆಲವರು, 'ನೋಡಿ, ಅದಕ್ಕೇ ಹೇಳಿದ್ದು ಚಿಕನ್ ತಿನ್ನಬೇಡಿ, ಮೊಟ್ಟೆ ಬೇಡ' ಅಂತ ಎದ್ದು ನಿಲ್ಲಬಹುದು. ಅವರ ಕೈಗೆ ಈ ಲೇಖನ ಕೋಲಾಗಬಾರದು. ನಿಯಮದ ಪ್ರಮಾಣದಲ್ಲಿ ಕೊಟ್ಟು, ಕೋಳಿ ಎತ್ತುವ ಮೊದಲು ಹೇಳಿದಷ್ಟು ದಿನ ಔಷಧ ನಿಲ್ಲಿಸಿದರೆ, ಮಾಂಸದಲ್ಲಿ ಉಳಿಯುವ ಅಂಶ ತೀರಾ ಕಡಿಮೆ. ಚಿಕನ್ ತಿಂದವರ ಸ್ನಾಯು ಕರಗುತ್ತದೆ ಅಂತ ವಾಟ್ಸಾಪಲ್ಲಿ ಹರಡಿದರೆ ಅದು ಸುಳ್ಳು. ಆ ಸುಳ್ಳಿನ ಪೆಟ್ಟು ಬೀಳುವುದು ಸಾಲ ಮಾಡಿ ಶೆಡ್ ಕಟ್ಟಿದವರ ಮೇಲೆ.

ಯಾದಗಿರಿ ಜಿಲ್ಲೆಯವರಿಗೆ ಇದು ಚೆನ್ನಾಗಿ ಗೊತ್ತಿರಬೇಕು. 2021ರ ಡಿಸೆಂಬರ್‌ನಲ್ಲಿ ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಶುರುವಾದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಮಕ್ಕಳ ಅಪೌಷ್ಟಿಕತೆ ಹೆಚ್ಚಿದೆ ಅನ್ನೋದೇ ಕಾರಣ. ಆಗ ಕೆಲವು ಮಠಾಧೀಶರು ಬೀದಿಗಿಳಿದು ವಿರೋಧಿಸಿದರು. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ, ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನು ಸಿಗದ ಗದಗದ ಮಕ್ಕಳ ಜೊತೆ ಹೋಲಿಸಿ ಅಧ್ಯಯನ ಮಾಡಿ, ಯಾದಗಿರಿಯ ಮಕ್ಕಳಲ್ಲಿ ತೂಕ-ಬೆಳವಣಿಗೆ ಸುಧಾರಿಸಿದ್ದನ್ನು ತೋರಿಸಿತು. ಈಗ ರಾಜ್ಯದ ಎಲ್ಲ ಜಿಲ್ಲೆಗಳ ಮಕ್ಕಳಿಗೂ ಮೊಟ್ಟೆ ಸಿಗುತ್ತಿದೆ. ಅದು ನಮ್ಮ ಮಕ್ಕಳು ಗೆದ್ದುಕೊಟ್ಟ ವಾದ. ಅದನ್ನು ಯಾರೂ ಕಸಿಯಲು ಬಿಡಬಾರದು.

ಆದರೆ ಅದೇ ಗೆಲುವಿನಲ್ಲಿ ಒಂದು ಅಸ್ತ್ರವೂ ಅಡಗಿದೆ. ಶಾಲೆಗಳಿಗೆ, ಅಂಗನವಾಡಿಗಳಿಗೆ ಹೋಗುವ ಕೋಟಿಗಟ್ಟಲೆ ಮೊಟ್ಟೆಗೆ ಸರ್ಕಾರದ ದುಡ್ಡು ಹೋಗುತ್ತಿದೆ. ಅಷ್ಟು ದೊಡ್ಡ ಗಿರಾಕಿ ಒಂದು ಶರತ್ತು ಹಾಕಿದರೆ ಮಾರುಕಟ್ಟೆ ಕೇಳಲೇಬೇಕು. 'ಯಾವ ಫೀಡ್ ತಿಂದ ಕೋಳಿಯ ಮೊಟ್ಟೆ, ಅದರಲ್ಲಿ ಯಾವ ಔಷಧ ಇತ್ತು, ಬರೆದುಕೊಡಿ' ಅನ್ನೋ ಒಂದು ಸಾಲನ್ನು ಟೆಂಡರಿನಲ್ಲಿ ಸೇರಿಸಲು ವಿಧಾನಸಭೆಯಲ್ಲಿ ಹೊಸ ಕಾನೂನು ಬೇಕಿಲ್ಲ. ಮೊಟ್ಟೆ ಇಡುವ ಕೋಳಿಗೆ ಈ ಔಷಧ ಕೊಡುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ಆದರೆ ಒಂದೇ ಮಿಲ್ಲಿನಲ್ಲಿ ಬ್ರಾಯ್ಲರ್ ಫೀಡ್ ಆದಮೇಲೆ ಲೇಯರ್ ಫೀಡ್ ತಯಾರಾದರೆ ಮೆಷಿನ್ನಿನಲ್ಲಿ ಉಳಿದದ್ದು ಬೆರೆಯುತ್ತದೆ. ಅದನ್ನು ತಡೆಯಲು ಯಾರೋ ಕೇಳುತ್ತಿದ್ದಾರೆ ಅನ್ನೋ ಭಯ ಮಿಲ್ಲಿಗೆ ಇರಬೇಕು.

ಕೇಳಬೇಕಾದ್ದು ಇಷ್ಟೇ

ನನ್ನ ಬೇಡಿಕೆ ನಿಷೇಧ ಅಲ್ಲ. ನಾಳೆಯೇ ಎಲ್ಲ ನಿಲ್ಲಿಸಿದರೆ ರಕ್ತಭೇದಿಯಿಂದ ಕೋಳಿ ಸಾಯುತ್ತವೆ, ಸಣ್ಣ ರೈತ ಮೊದಲು ಮುಳುಗುತ್ತಾನೆ. ಕಾಕ್ಸಿಡಿಯಾಕ್ಕೆ ಲಸಿಕೆ ಇದೆ, ಹಾಸು ಒಣಗಿಸಿ ಇಡುವ ಕ್ರಮ ಇದೆ. ಅವುಗಳ ಖರ್ಚು ರೈತನ ತಲೆಗೆ ಬೀಳದಂತೆ ನಿಧಾನಕ್ಕೆ ಆ ಕಡೆ ಹೋಗಬಹುದು. ಆದರೆ ಹೆಸರು ಬರೆಯಲು ಕಾಯಬೇಕಿಲ್ಲ.

ಮೊದಲನೆಯದು ಚೀಲದ ಮೇಲಿನ ಹೆಸರು. ಯಾವ ಔಷಧ, ಕೆಜಿಗೆ ಎಷ್ಟು, ಯಾವ ಪ್ರಾಣಿಗೆ ಕೊಡಬಾರದು, ಯಾವ ಔಷಧದ ಜೊತೆ ಕೊಡಬಾರದು ಅನ್ನೋದು ಕನ್ನಡದಲ್ಲಿ ಇರಬೇಕು. ನಮ್ಮ ಗಡಿಯಲ್ಲಿ ತೆಲುಗಿನಲ್ಲೂ ಇರಲಿ. ಅಕ್ಷರ ಬಾರದವರಿಗೆ ಕುದುರೆ-ಕುರಿಯ ಚಿತ್ರಕ್ಕೆ ಅಡ್ಡಗೆರೆ ಎಳೆದರೂ ಸಾಕು.

ಎರಡನೆಯದು ಪರೀಕ್ಷೆಯ ದಾರಿ. ಪಶುವೈದ್ಯಕೀಯ ವಿಶ್ವವಿದ್ಯಾಲಯ ಬೀದರ್‌ನಲ್ಲಿದೆ, ನಮ್ಮದೇ ಕಲ್ಯಾಣ ಕರ್ನಾಟಕದಲ್ಲಿ. 371(ಜೆ) ಬಂದು ಹತ್ತು ವರ್ಷ ದಾಟಿದೆ, ಪ್ರದೇಶಾಭಿವೃದ್ಧಿ ಮಂಡಳಿಗೆ ಪ್ರತಿ ವರ್ಷ ಅನುದಾನ ಬರುತ್ತದೆ. ಕಟ್ಟಡ, ಸಿಸಿ ರಸ್ತೆಗಳ ನಡುವೆ ಒಂದಿಷ್ಟು ಹಣವನ್ನು, ತಾಲ್ಲೂಕಿನ ದವಾಖಾನಿಯಿಂದ ಫೀಡ್ ಮತ್ತು ಹೃದಯದ ಸ್ಯಾಂಪಲ್ ಕೆಡದಂತೆ ಲ್ಯಾಬ್ ತಲುಪುವ ವ್ಯವಸ್ಥೆಗೆ ಇಡಲಿ. ಪರಿಹಾರದ ಅರ್ಜಿಯಲ್ಲಿ 'ಫೀಡ್ ತಿಂದ ನಂತರ ಸತ್ತದ್ದೇ?' ಅನ್ನೋ ಒಂದು ಕಾಲಂ ಸೇರಲಿ.

ಮೂರನೆಯದು ಹೊಣೆ. ಫೀಡ್ ಕಂಪನಿಯದಾದರೆ ಫೀಡಿನಿಂದ ಆದ ನಷ್ಟವೂ ಕಂಪನಿಯದಾಗಲಿ. ಗುತ್ತಿಗೆ ಪತ್ರದಲ್ಲಿ ಆ ಸಾಲು ಇರಬೇಕು, ಪತ್ರ ರೈತನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು.

ಅಲ್ಲಿಯವರೆಗೆ ಊರಲ್ಲಿರುವ ನಾವು ಮಾಡಬಹುದಾದ್ದೂ ಇದೆ. ಕೋಳಿ ಫೀಡನ್ನು ಬಾಗಿಲಿರುವ ಕೋಣೆಯಲ್ಲಿ ಇಡಿ. ಉಳಿದ ಕೋಳಿ ಫೀಡನ್ನು 'ವೇಸ್ಟ್ ಆಗ್ತದ' ಅಂತ ಕುರಿಗೆ, ಕುದುರೆಗೆ, ಕತ್ತೆಗೆ ಹಾಕಬೇಡಿ. ಕುರಿ ಫೀಡ್ ತಿಂದು ಮೇವು ಬಿಟ್ಟರೆ, ಹಿಂಗಾಲು ಎಳೆದರೆ, ಮೂತ್ರ ಕಂದಾದರೆ ಅದನ್ನು ಓಡಿಸಬೇಡಿ, ನೆರಳಲ್ಲಿ ಮಲಗಿಸಿ 1962ಕ್ಕೆ ಫೋನ್ ಮಾಡಿ. ತಿಂದ ಚೀಲ ಬಿಸಾಡಬೇಡಿ, ಒಂದು ಹಿಡಿ ಫೀಡ್ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ, ಚೀಲದ ಬ್ಯಾಚ್ ನಂಬರಿನ ಫೋಟೋ ತೆಗೆದಿಡಿ. ಡಾಕ್ಟರ್ ಬಂದಾಗ 'ಕೋಳಿ ಫೀಡ್ ತಿಂದಾವ' ಅಂತ ಮೊದಲು ಹೇಳಿ, ಕೇಸ್ ಪೇಪರಿನಲ್ಲಿ ಅದನ್ನು ಬರೆಸಿ.

ಮಾಮನ ಐದರಲ್ಲಿ ಉಳಿದ ಎರಡು ಕುರಿ ಈಗಲೂ ಇವೆ. ಹಿಂಭಾಗದ ಮಾಂಸ ಕರಗಿ ಬೆನ್ನೆಲುಬು ಕಾಣುತ್ತದೆ, ಹಿಂಡಿನ ಹಿಂದೆ ಉಳಿದುಬಿಡುತ್ತವೆ. ಜಾತ್ರೆಯ ಹೊತ್ತಿಗೆ ಮಾರೋಣ ಅಂದರೆ ಯಾರೂ ಕೊಳ್ಳಲಿಲ್ಲ. ಆ ಹರಿದ ಚೀಲವನ್ನು ಮಾಮ ಮಡಚಿ ಮನೆಯ ಜಂತಿಗೆ ಸಿಕ್ಕಿಸಿಟ್ಟಿದ್ದಾರೆ. "ಯಾಕ್ರೀ ಮಾಮಾ ಇದನ್ನ ಇಟ್ಕೊಂಡೀರಿ?" ಅಂದೆ.

"ಯಾರರ ಕೇಳಾಕ ಬಂದ್ರ ತೋರಿಸಾಕ" ಅಂದರು.

ಇನ್ನೂ ಯಾರೂ ಬಂದಿಲ್ಲ.